ಕೊಟ್ಟಿಗೆಯಲ್ಲಿ ಕೆಟ್ಟದ್ದು ಲ್ಯಾಬಿನಲ್ಲಿ ಸರಿಹೋಗದು: ಹೈನು ಸಂಶೋಧನೆಗೆ ಹೊರಟವರಿಗೆ ಕಿವಿಮಾತು

ಹೆಬ್ಬಾಳವಿರಲಿ, ಬೀದರ್, ಹಾಸನ, ಶಿವಮೊಗ್ಗವಿರಲಿ, ಎಂ.ವಿ.ಎಸ್ಸಿ.ಗೋ ಪಿಎಚ್.ಡಿ.ಗೋ ಸೇರಿ ಹಸುವಿನ ಆರೋಗ್ಯ, ಹಾಲಿನ ಗುಣಮಟ್ಟವನ್ನು ವಿಷಯವಾಗಿ ಆರಿಸಿಕೊಂಡವರಿಗೆ ಈ ಮಾತುಗಳು. ನಿಮ್ಮ ಪ್ರಬಂಧದ ಅಂಕಿಗಳು ಹುಟ್ಟುವುದು ಎರಡು ಮೂರು ಹಸು ಕಟ್ಟಿರುವ ಕೊಟ್ಟಿಗೆಯಲ್ಲಿ, ಬೆಳಗಿನ ಕರಾವಿನ ಹೊತ್ತಿನಲ್ಲಿ. ಅಲ್ಲಿ ಆದ ತಪ್ಪನ್ನು ಎಷ್ಟೇ ದುಬಾರಿ ಯಂತ್ರವೂ ತಿದ್ದಲಾರದು.

• ಹಾಲು ಕರೆಯುವ ಹೊತ್ತಿಗೆ ಹೋಗಿ. ಊರಿನ ಡೇರಿ ಬಾಗಿಲು ತೆರೆಯುವ ಮೊದಲೇ ಕೊಟ್ಟಿಗೆಯಲ್ಲಿರಿ. ಕ್ಯಾನು ಹಿಡಿದು ಡೇರಿಗೆ ಹೊರಟ ಅಕ್ಕನನ್ನು ಪ್ರಶ್ನಾವಳಿ ತೋರಿಸಿ ತಡೆಯಬೇಡಿ. ಹಾಲು ಹಾಕಿ ಬಂದ ಮೇಲೆ ಕೇಳಿದರೆ ಅವರೇ ಕೂತು ವಿವರವಾಗಿ ಹೇಳುತ್ತಾರೆ. ಹೊಸ ಕೈ ತಾಗಿದರೆ ಹಸು ಬೆದರಿ ಹಾಲು ಇಳಿಸುವುದಿಲ್ಲ. ಕೆಚ್ಚಲನ್ನು ಮೊದಲು ಮುಟ್ಟುವುದು ದಿನವೂ ಕರೆಯುವವರೇ ಆಗಿರಲಿ.

• ಅನುಮತಿ ಮೊದಲು, ಸೂಜಿ ಆಮೇಲೆ. ಕಾಲೇಜಿನ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಕೈಗೆ ಬರುವವರೆಗೆ ಕಾಯಿರಿ. ಎಷ್ಟು ಹಾಲು, ಎಷ್ಟು ರಕ್ತ ತೆಗೆಯುತ್ತೀರಿ, ಯಾತಕ್ಕೆ ಎಂಬುದನ್ನು ಮನೆಯವರಿಗೆ ಅವರ ಮಾತಿನಲ್ಲೇ ತಿಳಿಸಿ. ಅವರು ಬೇಡವೆಂದರೆ ನಮಸ್ಕಾರ ಹೇಳಿ ಮುಂದಿನ ಮನೆಗೆ ನಡೆಯಿರಿ.

• ಹಾಲಿನ ಮಾದರಿ ತೆಗೆಯುವುದರಲ್ಲಿ ಕ್ರಮ ತಪ್ಪಬೇಡಿ. ಮೊಲೆತೊಟ್ಟುಗಳನ್ನು ತೊಳೆದು ಒಣಗಿಸಿ. ಮೊದಲ ಕೆಲವು ಧಾರೆಗಳನ್ನು ಬೇರೆ ಬಟ್ಟಲಿಗೆ ಹಿಂಡಿ, ಗರಣೆ ಇದೆಯೇ, ಬಣ್ಣ ಕೆಟ್ಟಿದೆಯೇ ನೋಡಿ. ಆಮೇಲೆ ತೊಟ್ಟಿನ ತುದಿಯನ್ನು ಶೇ. 70ರ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ತೊಟ್ಟಿಗೊಂದು ಹೊಸ ಹತ್ತಿ. ಒರೆಸುವಾಗ ಆಚೆ ಬದಿಯ ಎರಡು ತೊಟ್ಟು ಮೊದಲು, ಈಚೆಯವು ಆಮೇಲೆ. ಹಾಲು ಹಿಡಿಯುವಾಗ ಈಚೆಯವು ಮೊದಲು, ಆಚೆಯವು ಕೊನೆಗೆ. ಹೀಗೆ ಮಾಡಿದರೆ ಒರೆಸಿದ ತೊಟ್ಟಿಗೆ ನಿಮ್ಮ ತೋಳು ತಾಗುವುದಿಲ್ಲ. ಕೊಳವೆಯನ್ನು ಓರೆಯಾಗಿ ಹಿಡಿಯಿರಿ. ನೆಟ್ಟಗೆ ಹಿಡಿದರೆ ಕೆಚ್ಚಲಿನ ಮೇಲಿನ ಧೂಳು, ಸಗಣಿಯ ಕಣ ಒಳಗೆ ಬೀಳುತ್ತವೆ.

• ಕ್ಯಾಲಿಫೋರ್ನಿಯಾ ಮಸ್ಟೈಟಿಸ್ ಪರೀಕ್ಷೆಯಲ್ಲಿ ಕೈ ಪಳಗಿಸಿಕೊಳ್ಳಿ. ಇದು 1957ರಿಂದ ಬಳಕೆಯಲ್ಲಿದೆ, ಅಗ್ಗದ್ದು, ಕೊಟ್ಟಿಗೆಯಲ್ಲೇ ಉತ್ತರ ಕೊಡುತ್ತದೆ. ನಾಲ್ಕು ಬಟ್ಟಲಿನ ತಟ್ಟೆಯಲ್ಲಿ ಹಾಲಿನಷ್ಟೇ ನೇರಳೆ ದ್ರಾವಣ ಹಾಕಿ ಮೆಲ್ಲಗೆ ತಿರುಗಿಸಿ. ಕೆಚ್ಚಲಿನ ಆರೋಗ್ಯವಂತ ಭಾಗದ ಹಾಲು ನೀರಾಗಿಯೇ ಹರಿದಾಡುತ್ತದೆ. ಗುಪ್ತ ಕೆಚ್ಚಲು ಬಾವು ಇದ್ದರೆ ಲೋಳೆಗಟ್ಟುತ್ತದೆ. ರೋಗ ಹೆಚ್ಚಿದಷ್ಟೂ ಲೋಳೆ ಗಟ್ಟಿಯಾಗಿ ನಡುವಿಗೆ ಸೇರುತ್ತದೆ. ಹಾಲಿನಲ್ಲಿರುವ ಕೋಶಗಳ ಡಿಎನ್ಎ ದ್ರಾವಣದೊಂದಿಗೆ ಸೇರಿ ಹೀಗಾಗುತ್ತದೆ. ತಡಮಾಡದೆ ಓದಿ, ಹೊತ್ತು ಕಳೆದರೆ ಸಣ್ಣ ಬದಲಾವಣೆ ಮಾಯವಾಗುತ್ತದೆ.

• ಪೂರ್ವಾಪರ ಬರೆಯದ ಮಾದರಿಗೆ ಬೆಲೆಯಿಲ್ಲ. ಎಷ್ಟನೇ ಸೂಲು, ಕರು ಹಾಕಿ ಎಷ್ಟು ದಿನ, ಯಾವ ಔಷಧಿ ಯಾವಾಗ ಕೊಟ್ಟರು, ಕಿವಿಯೋಲೆಯ 12 ಅಂಕಿ ಏನು, ಎಲ್ಲವೂ ಅಲ್ಲೇ ದಾಖಲಾಗಲಿ. ಪ್ರತಿ ಮಿಲಿಲೀಟರಿಗೆ ಎರಡು ಲಕ್ಷ ದೈಹಿಕ ಕೋಶ ಮೀರಿದರೆ ಸಾಮಾನ್ಯವಾಗಿ ಸೋಂಕನ್ನು ಶಂಕಿಸುತ್ತೇವೆ. ಆದರೆ ಕರು ಹಾಕಿದ ಮೊದಲ ದಿನಗಳಲ್ಲಿ, ಹಾಲು ಬತ್ತುವ ಕಾಲದಲ್ಲಿ ಸೋಂಕಿಲ್ಲದೆಯೂ ಈ ಸಂಖ್ಯೆ ಏರಬಹುದು. ದಿನಾಂಕ ಬರೆಯದಿದ್ದರೆ ಈ ವ್ಯತ್ಯಾಸ ನಿಮಗೆ ಕಾಣುವುದೇ ಇಲ್ಲ.

• ಒಂದು ಸಲ ಕ್ರಿಮಿ ಬೆಳೆಯಲಿಲ್ಲವೆಂದು ಹಸುವಿಗೆ ರೋಗವಿಲ್ಲ ಎನ್ನಬೇಡಿ. ಸ್ಟೆಫೈಲೋಕಾಕಸ್ ಆರಿಯಸ್ ಕೆಚ್ಚಲಿನ ಆಳದಲ್ಲಿ ಅಡಗಿದ್ದು ಹಾಲಿನಲ್ಲಿ ಬಿಟ್ಟು ಬಿಟ್ಟು ಕಾಣಿಸಿಕೊಳ್ಳುತ್ತದೆ. ಅನುಮಾನವಿದ್ದರೆ ಕೆಲವು ದಿನ ಬಿಟ್ಟು ಮತ್ತೆ ಮಾದರಿ ತೆಗೆಯಿರಿ.

• ಮಂಜುಗಡ್ಡೆ ಮರೆಯಬೇಡಿ. ಕೊಳವೆ ಮುಚ್ಚಿದ ಕೂಡಲೇ ಐಸ್ ಪೆಟ್ಟಿಗೆಗೆ ಹೋಗಲಿ. ಕ್ರಿಮಿ ಬೆಳೆಸುವ ಮಾದರಿ 24 ಗಂಟೆಯೊಳಗೆ ಲ್ಯಾಬ್ ತಲುಪಲಿ. ಕೋಶ ಎಣಿಸಬೇಕಾದ ಹಾಲನ್ನು ಹೆಪ್ಪುಗಟ್ಟಿಸಬೇಡಿ, ಕೋಶಗಳು ಒಡೆಯುತ್ತವೆ.

• ಜಿಡ್ಡು ಅಳೆಯುವುದಿದ್ದರೆ ಪೂರ್ತಿ ಕರೆದ ಹಾಲನ್ನು ಕಲಕಿ ತೆಗೆಯಿರಿ. ಮೊದಲ ಧಾರೆ ತೆಳು, ಕಡೆಯ ಹಾಲು ಗಟ್ಟಿ. ಹಸುವಿನ ಹಾಲಿಗೆ ಶೇ. 3.2 ಜಿಡ್ಡು, ಶೇ. 8.3 ಜಿಡ್ಡೇತರ ಘನಾಂಶ ಇರಬೇಕೆಂಬುದು ಎಫ್.ಎಸ್.ಎಸ್.ಎ.ಐ. ಮಾನದಂಡ. ಅದಕ್ಕಿಂತ ಕಡಿಮೆ ಬಂದ ಕೂಡಲೇ ನೀರು ಬೆರೆಸಿದ್ದಾರೆಂದು ಮನೆಯವರನ್ನು ಶಂಕಿಸಬೇಡಿ. ಮೇವು, ತಳಿ, ಕೆಚ್ಚಲು ಬಾವು ಇವನ್ನೆಲ್ಲ ನೋಡಿ ಆಮೇಲೆ ಮಾತಾಡಿ.

• ಮೇವಿನ ಮೂಲೆಗೂ ಹೋಗಿ ಬನ್ನಿ. ಕಡಲೆಕಾಯಿ ಹಿಂಡಿ, ಹತ್ತಿಕಾಳು ಹಿಂಡಿ, ಮುಸುಕಿನ ಜೋಳ ಬೂಸ್ಟು ಹಿಡಿದಿದ್ದರೆ ಅದರಲ್ಲಿನ ಅಫ್ಲಾಟಾಕ್ಸಿನ್ ಬಿ1 ಹಸುವಿನ ಹೊಟ್ಟೆ ಸೇರಿ ಎಂ1 ಆಗಿ ಒಂದು ದಿನದೊಳಗೆ ಹಾಲಿಗೆ ಇಳಿಯುತ್ತದೆ. ಹಾಲು ಕಾಯಿಸಿದರೂ ಅದು ಹೋಗದು. ನಮ್ಮಲ್ಲಿ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ. ಮೂಟೆ ನೆಲಕ್ಕೆ ತಾಗಿದೆಯೇ, ಚೀಲದ ತಳ ಒದ್ದೆಯಾಗಿದೆಯೇ ಎಂದು ಕೈ ಹಾಕಿ ನೋಡಿ. ಹಸುವಿಗೆ ಔಷಧಿ ಕೊಟ್ಟಿದ್ದರೆ, ಹಾಲಿನಿಂದ ಅದರ ಅಂಶ ಹೋಗಲು ಎಷ್ಟು ದಿನ ಬೇಕೆಂದು ಲೇಬಲ್ ಓದಿ ಮನೆಯವರಿಗೆ ಹೇಳಿ. ಅಷ್ಟು ದಿನ ಆ ಹಾಲು ಡೇರಿಗೆ ಹೋಗಬಾರದು.

• ಲೆಕ್ಕದಲ್ಲಿ ಪ್ರಾಮಾಣಿಕರಾಗಿರಿ. ಒಂದು ಕೆಚ್ಚಲಿನ ನಾಲ್ಕು ಭಾಗಗಳು ನಾಲ್ಕು ಹಸುಗಳಲ್ಲ. ಒಂದೇ ಕೊಟ್ಟಿಗೆಯ ಹಸುಗಳಿಗೆ ನೆಲ, ಮೇವು, ಕರೆಯುವ ಕೈ ಎಲ್ಲವೂ ಒಂದೇ. ಅವನ್ನು ಬಿಡಿ ಬಿಡಿಯಾಗಿ ಎಣಿಸಿದರೆ ಸಂಖ್ಯೆ ಉಬ್ಬುತ್ತದೆ, ತೀರ್ಮಾನ ಕೆಡುತ್ತದೆ. ಸಂಖ್ಯಾಶಾಸ್ತ್ರದವರನ್ನು ಕಾಣಬೇಕಾದದ್ದು ಮಾದರಿ ತೆಗೆಯುವುದಕ್ಕೆ ಮುಂಚೆ.

• ನಿಮ್ಮ ಜೀವವನ್ನೂ ಕಾಯ್ದುಕೊಳ್ಳಿ. ಕಂದು ಹಾಕಿದ ಹಸುವಿನ ಮಾಸು, ಸ್ರಾವವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬ್ರುಸೆಲ್ಲಾ ಮನುಷ್ಯರಿಗೂ ಅಂಟಿ ತಿಂಗಳುಗಟ್ಟಲೆ ಜ್ವರ, ಕೀಲುನೋವು ತರುತ್ತದೆ. ಕೈಗವಸು, ಮಾಸ್ಕ್ ಹಾಕಿಕೊಳ್ಳಿ. ಹಸಿ ಹಾಲನ್ನು ಬಾಯಿಗೆ ಹಾಕಬೇಡಿ, ಮನೆಯವರಿಗೂ ಕುದಿಸಿ ಕುಡಿಯಲು ಹೇಳಿ. ಬೂಟು ತೊಳೆಯದೆ ಇನ್ನೊಂದು ಕೊಟ್ಟಿಗೆ ಹೊಗಬೇಡಿ.

• ಫಲಿತಾಂಶ ಮೊದಲು ಹಸು ಸಾಕಿದವರಿಗೆ ಮುಟ್ಟಲಿ. ಪ್ರಬಂಧ ಮುಗಿಯುವವರೆಗೆ ಅವರು ಕಾಯಬೇಕಿಲ್ಲ. ಯಾವ ಹಸು, ಯಾವ ತೊಟ್ಟು, ಈಗ ಏನು ಮಾಡಬೇಕು ಎಂದು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಡಿ: ಬಾವು ಇರುವ ಹಸುವನ್ನು ಕೊನೆಗೆ ಕರೆಯಿರಿ; ಕೆಟ್ಟ ಹಾಲನ್ನು ನೆಲಕ್ಕೆ ಹಿಂಡಬೇಡಿ; ಕರೆದ ಮೇಲೆ ತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ; ತೊಟ್ಟಿನ ರಂಧ್ರ ಮುಚ್ಚಿಕೊಳ್ಳುವವರೆಗೆ, ಅರ್ಧ ಗಂಟೆಯಾದರೂ ಹಸು ಮಲಗದಂತೆ ಮುಂದೆ ಹುಲ್ಲು ಹಾಕಿ. ಒಂದು ಮನೆಯ ಫಲಿತಾಂಶ ಪಕ್ಕದ ಮನೆಗೂ ಡೇರಿಯ ಸರದಿಗೂ ಹೋಗದಿರಲಿ. ನಿಮ್ಮನ್ನು ನಂಬಿ ಕೊಟ್ಟಿಗೆಯೊಳಗೆ ಬಿಟ್ಟುಕೊಂಡವರ ಹಸು ಗುಣವಾದರೆ, ನಿಮ್ಮ ಹಿಂದೆ ಬರುವ ವಿದ್ಯಾರ್ಥಿಗೂ ಆ ಬಾಗಿಲು ತೆರೆದಿರುತ್ತದೆ.