ಬಿಳಿಸೆರಗಿನ ಪರೀಕ್ಷೆ ಬೇರೆ, ಕ್ಯಾನ್ಸರ್ ಪರೀಕ್ಷೆ ಬೇರೆ



ಬಸವಕಲ್ಯಾಣ, ಹುಮನಾಬಾದ್ ಕಡೆಯ ಹಳ್ಳಿಗಳಲ್ಲಿ ಬಿಳಿಸೆರಗಿನ ಮಾತು ಬಂದರೆ "ಎಲ್ಲಾ ಹೆಂಗಸರಿಗೂ ಇರೋದೇ ಅದ, ಯಾರ ಮುಂದ ಹೇಳೋದು?" ಎಂದು ಸುಮ್ಮನಾಗುವವರಿದ್ದಾರೆ. ಕೆಲವರು ಮತ್ತೆ ಮತ್ತೆ ಗುಳಿಗೆ ನುಂಗುತ್ತಾರೆ. ಆದರೆ ಗರ್ಭಕೋಶದ ಬಾಯಿಯನ್ನು, ಅಂದರೆ ಗರ್ಭಕೊರಳನ್ನು, ಒಮ್ಮೆಯೂ ಪರೀಕ್ಷೆ ಮಾಡಿಸಿರುವುದಿಲ್ಲ.

ಒಳಗಿನ ಜೀವಾಣುಗಳು

ಯೋನಿಯಲ್ಲಿ ಜೀವಾಣುಗಳು ಇರುವುದೇ ರೋಗವಲ್ಲ. ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಜೀವಾಣುಗಳು ಅಲ್ಲಿ ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತವೆ. ಮೊಸರಿಗೆ ಹುಳಿ ಬರುವುದೂ ಇದೇ ಆಮ್ಲದಿಂದ. ಈ ಹುಳಿಯಲ್ಲಿ ರೋಗಾಣುಗಳು ಸುಲಭವಾಗಿ ಬೆಳೆಯಲಾರವು. ಒಳಭಾಗವನ್ನು ಸೋಪು ಹಾಕಿ ತೊಳೆದರೆ ಒಳ್ಳೆಯ ಜೀವಾಣುಗಳೂ ಕಡಿಮೆಯಾಗುತ್ತವೆ.

ಗುರುತಿಸುವುದು ಹೇಗೆ?

ಹತ್ತಿಕಡ್ಡಿಯಿಂದ ಸ್ರಾವ ತೆಗೆದು, ಗಾಜಿನ ಪಟ್ಟಿಗೆ ಸವರಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

1. ತೆಳುವಾದ ಬೂದುಬಿಳಿ ಸ್ರಾವ, ಮೀನಿನ ವಾಸನೆ: ಒಳ್ಳೆಯ ಜೀವಾಣು ಕಡಿಮೆಯಾಗಿ ಬೇರೆ ಬ್ಯಾಕ್ಟೀರಿಯಾ ಹೆಚ್ಚಿರಬಹುದು.
2. ಒಡೆದ ಮೊಸರಿನಂಥ ಸ್ರಾವ, ತುರಿಕೆ: ಕ್ಯಾಂಡಿಡಾ ಎಂಬ ಶಿಲೀಂಧ್ರ ಇರಬಹುದು.
3. ಹಳದಿ-ಹಸಿರು ನೊರೆ ಸ್ರಾವ: ಟ್ರೈಕೊಮೊನಾಸ್ ಇರಬಹುದು. ಪಟ್ಟಿಯ ಮೇಲೆ ಅದು ಓಡಾಡುವುದು ಕಾಣುತ್ತದೆ. ಇದಕ್ಕೆ ಗಂಡನಿಗೂ ಚಿಕಿತ್ಸೆ ಬೇಕು.

ಇವೆಲ್ಲಕ್ಕೂ ಔಷಧವಿದೆ. ಆದರೆ ಎಲ್ಲದಕ್ಕೂ ಒಂದೇ ಔಷಧ ನಡೆಯುವುದಿಲ್ಲ.

ಕ್ಯಾನ್ಸರಿಗೆ ಏನು ಸಂಬಂಧ?

ಗರ್ಭಕೊರಳಿನ ಕ್ಯಾನ್ಸರಿಗೆ ಮುಖ್ಯ ಕಾರಣ ಎಚ್.ಪಿ.ವಿ. ಎಂಬ ವೈರಸ್. ಇದನ್ನು ಕಂಡುಹಿಡಿದ ಜರ್ಮನಿಯ ವಿಜ್ಞಾನಿ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಹೆಚ್ಚಿನವರಲ್ಲಿ ಈ ವೈರಸ್ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಹೋಗುತ್ತದೆ. ಲ್ಯಾಕ್ಟೋಬ್ಯಾಸಿಲಸ್ ಕಡಿಮೆ ಇರುವವರಲ್ಲಿ ಅದು ಹೆಚ್ಚು ಕಾಲ ಉಳಿಯುವುದು ಅಧ್ಯಯನಗಳಲ್ಲಿ ಕಂಡಿದೆ. ಕ್ಯಾನ್ಸರ್ ಆದ ಮಹಿಳೆಯರಲ್ಲಿಯೂ ಈ ಜೀವಾಣು ಕಡಿಮೆ, ಬೇರೆ ಬ್ಯಾಕ್ಟೀರಿಯಾಗಳು ಹೆಚ್ಚು. ಇದು ರೋಗಕ್ಕೆ ಕಾರಣವೋ, ರೋಗದಿಂದ ಆದದ್ದೋ ಎಂಬುದು ಇನ್ನೂ ಪೂರ್ತಿ ತೀರ್ಮಾನವಾಗಿಲ್ಲ.

ಆದ್ದರಿಂದ ಬಿಳಿಸೆರಗು ಇದ್ದ ಮಾತ್ರಕ್ಕೆ ಕ್ಯಾನ್ಸರ್ ಎಂದು ಹೆದರಬೇಡಿರಿ. ಹಾಗೆಯೇ "ಸೋಂಕು ಇಲ್ಲ" ಎಂಬ ವರದಿ ಬಂದರೆ ಕ್ಯಾನ್ಸರ್ ಇಲ್ಲವೆಂದೂ ತಿಳಿಯಬೇಡಿರಿ. ಎಚ್.ಪಿ.ವಿ. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಕಾಣುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ ಇದೆ.

ನೆರೆಯ ಜಿಲ್ಲೆಯ ಪಾಠ

ನಮ್ಮ ಗಡಿಗೆ ಹತ್ತಿದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ 1999ರಿಂದ 30ರಿಂದ 59 ವರ್ಷದ 1,31,746 ಮಹಿಳೆಯರ ಅಧ್ಯಯನ ನಡೆಯಿತು. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಒಂದೇ ಸಲ ಎಚ್.ಪಿ.ವಿ. ಪರೀಕ್ಷೆಗೆ ಕರೆದ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ತೀರಿಕೊಂಡವರು 34. ಹೆಚ್ಚುಕಡಿಮೆ ಅಷ್ಟೇ ದೊಡ್ಡದಾದ, ಪರೀಕ್ಷೆಗೆ ಕರೆಯದ ಗುಂಪಿನಲ್ಲಿ 64. ನಮ್ಮಂಥದೇ ಹೊಲಮನೆ ಕೆಲಸದ ಹೆಂಗಸರು ಅವರು.

ನಾವು ಏನು ಮಾಡಬೇಕು?

* 30 ವರ್ಷ ದಾಟಿದವರು ಕನಿಷ್ಠ 5 ವರ್ಷಕ್ಕೊಮ್ಮೆ ಗರ್ಭಕೊರಳಿನ ಪರೀಕ್ಷೆ ಮಾಡಿಸಿರಿ. ಅಸಿಟಿಕ್ ಆಮ್ಲ ಸವರಿ ನೋಡುವ ಪರೀಕ್ಷೆ ಕೆಲವೇ ನಿಮಿಷದ್ದು. ಕೆಟ್ಟ ಭಾಗ ಬೆಳ್ಳಗೆ ಕಾಣುತ್ತದೆ.
* ಬಿಳಿಸೆರಗಿಗೆಂದು ತಾಲೂಕು ಆಸ್ಪತ್ರೆಗೆ ಹೋದಾಗ "ಡಾಕ್ಟ್ರೇ, ಗರ್ಭಕೋಶದ ಬಾಯಿನೂ ಒಮ್ಮೆ ನೋಡ್ರಿ" ಎಂದು ಕೇಳಿರಿ. ನಾಚಿಕೆ ಬೇಡ.
* ಗಂಡನ ಜೊತೆ ಸೇರಿದ ಮೇಲೆ ರಕ್ತ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ, ರಕ್ತ ಬೆರೆತ ನಾರುವ ಸ್ರಾವ ಕಂಡರೆ ಒಂದು ವಾರವೂ ತಡಮಾಡಬೇಡಿರಿ.
* 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಎಚ್.ಪಿ.ವಿ. ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿರಿ.

ಸಂಘದ ಸಭೆಯಲ್ಲಿ ಚರ್ಚಿಸಿರಿ

ನಮ್ಮ ಸಂಘದಲ್ಲಿ 30 ದಾಟಿದವರು ಎಷ್ಟು ಮಂದಿ? ಪರೀಕ್ಷೆ ಮಾಡಿಸಿದವರು ಎಷ್ಟು? ಉಳಿದವರು ಯಾವ ದಿನ, ಯಾರ ಜೊತೆಗೆ ಹೋಗುವುದು? ದಿನಾಂಕವನ್ನು ಇಂದೇ ಠರಾವು ಪುಸ್ತಕದಲ್ಲಿ ಬರೆಯಿರಿ.