ಕೆಸರಿನಲ್ಲಿ ಟ್ರ್ಯಾಕ್ಟರಿನ ಚಕ್ರ ಜಾರುವುದೇಕೆ?

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ದಿನಗಳಲ್ಲಿ ಮಾನ್ವಿಯ ಸುತ್ತಲಿನ ಭತ್ತದ ಗದ್ದೆಗಳನ್ನು ಕಂಡವರಿಗೆ ಈ ದೃಶ್ಯ ಹೊಸದಲ್ಲ. ಟ್ರ್ಯಾಕ್ಟರೊಂದು ಎರೆಮಣ್ಣಿನ ಕೆಸರಿನಲ್ಲಿ ನಿಂತಿದೆ, ಎಂಜಿನು ಗರ್ಜಿಸುತ್ತಿದೆ, ಹಿಂದಿನ ದೊಡ್ಡ ಚಕ್ರಗಳು ಗಿರಗಿರನೆ ತಿರುಗುತ್ತಿವೆ, ಆದರೆ ಯಂತ್ರವು ಒಂದಂಗುಲವೂ ಮುಂದೆ ಸರಿಯದೆ ಕೆಳಕ್ಕೆ ಕುಸಿಯುತ್ತಿದೆ. ಶಕ್ತಿಗೆ ಕೊರತೆಯಿಲ್ಲ. ಹಾಗಾದರೆ ಕೊರತೆ ಯಾವುದರದು?

ಎಂಜಿನು ಚಕ್ರವನ್ನು ತಿರುಗಿಸಬಲ್ಲುದು, ಅಷ್ಟೆ. ಮುಂದಕ್ಕೆ ನೂಕುವುದು ನೆಲ. ಚಕ್ರವು ನೆಲವನ್ನು ಹಿಂದಕ್ಕೆ ಒತ್ತಿದಾಗ ನೆಲವು ಅಷ್ಟೇ ಬಲದಿಂದ ಚಕ್ರವನ್ನು ಮುಂದಕ್ಕೆ ಒತ್ತುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಮಣ್ಣು ಈ ಬಲವನ್ನು ತಾಳಲಾರದೆ ಸರಿದುಹೋದರೆ ಚಕ್ರ ಜಾರುತ್ತದೆ. ಮಣ್ಣು ಎಷ್ಟು ತಾಳೀತೆಂಬ ಲೆಕ್ಕವನ್ನು ಫ್ರಾನ್ಸಿನ ಕೂಲಂಬನು 18ನೆಯ ಶತಮಾನದಲ್ಲಿಯೇ ತೋರಿಸಿಕೊಟ್ಟನು. ನಿಮ್ಮ ವಿದ್ಯುತ್ತಿನ ಪಾಠದಲ್ಲಿ ಬರುವ ಕೂಲಂಬನೇ ಈತ. ವೃತ್ತಿಯಿಂದ ಸೈನ್ಯದ ಎಂಜಿನಿಯರು. ಅವನ ಪ್ರಕಾರ ಮಣ್ಣಿನ ತಾಳಿಕೆಗೆ ಎರಡು ಮೂಲಗಳುಂಟು. ಒಂದು, ಕಣಗಳ ನಡುವಣ ಘರ್ಷಣೆ. ಮೇಲಿನ ಭಾರ ಹೆಚ್ಚಿದಷ್ಟೂ ಇದು ಹೆಚ್ಚುತ್ತದೆ. ಇನ್ನೊಂದು, ಕಣಗಳು ತಮ್ಮತಮ್ಮೊಳಗೆ ಅಂಟಿಕೊಂಡಿರುವ ಸಂಸಕ್ತಿ. ಇದಕ್ಕೆ ಭಾರದ ಹಂಗಿಲ್ಲ, ಚಕ್ರವು ಮಣ್ಣನ್ನು ಎಷ್ಟು ವಿಸ್ತೀರ್ಣದಲ್ಲಿ ಹಿಡಿದಿದೆ ಎಂಬುದೇ ಮುಖ್ಯ.

ದೇವದುರ್ಗದ ಕಡೆ ಕೃಷ್ಣೆಯ ದಂಡೆಯ ಉಸುಕಿನಲ್ಲಿ ಸಂಸಕ್ತಿ ಇಲ್ಲವೆಂದೇ ಹೇಳಬೇಕು, ಅಲ್ಲಿರುವುದೆಲ್ಲ ಘರ್ಷಣೆ. ಆದುದರಿಂದ ಅಲ್ಲಿ ಟಯರಿನ ಗಾಳಿಯನ್ನು ತುಸು ತಗ್ಗಿಸಿ, ಹಿಂದಿನ ಚಕ್ರಗಳ ಮೇಲೆ ಭಾರ ಹೇರಿದರೆ ಎಳೆತ ಹೆಚ್ಚುತ್ತದೆ. ಚಕ್ರಕ್ಕೆ ಕಬ್ಬಿಣದ ತೂಕಗಳನ್ನು ಬಿಗಿಯುವುದೂ, ಟಯರಿನೊಳಗೆ ಮುಕ್ಕಾಲು ಭಾಗ ನೀರು ತುಂಬುವುದೂ ಇದಕ್ಕಾಗಿಯೇ. ಹಿಮ ಬೀಳುವ ದೇಶಗಳಲ್ಲಿ ಗುಡ್ಡದ ದಾರಿಯ ಹಿಮವನ್ನು ಟ್ರ್ಯಾಕ್ಟರಿನಿಂದ ಸರಿಸುವವರೂ ಹೀಗೆಯೇ ಮಾಡುತ್ತಾರೆ. ಆದರೆ ನೀರು ಹೆಪ್ಪುಗಟ್ಟದಂತೆ ಅದಕ್ಕೆ ಕ್ಯಾಲ್ಸಿಯಂ ಕ್ಲೋರೈಡನ್ನು ಬೆರೆಸುವ ವಾಡಿಕೆಯುಂಟು. ರಾಯಚೂರಿನ ಬಿಸಿಲಿನಲ್ಲಿ ಆ ಲವಣದ ಖರ್ಚು ನಮಗಿಲ್ಲ! ಏರಿನಲ್ಲಿ ಮಾತ್ರ ಭಾರವೊಂದನ್ನೇ ನಂಬಲಾಗದು. 4 ಮೀಟರು ನಡೆದರೆ 1 ಮೀಟರು ಮೇಲೇರುವ ಇಳಿಜಾರಿನಲ್ಲಿ 2000 ಕಿಲೋಗ್ರಾಂ ತೂಕದ ಟ್ರ್ಯಾಕ್ಟರನ್ನು 500 ಕಿಲೋಗ್ರಾಂ ಭಾರದಷ್ಟು ಬಲ ಹಿಂದಕ್ಕೆಳೆಯುತ್ತಿರುತ್ತದೆ. ಭಾರ ಹೇರಿದಂತೆಲ್ಲ ಈ ಹಿಂದೆಳೆತವೂ ಬೆಳೆಯುತ್ತದೆ. ಹಿಮದ ನಾಡಿನವರು ಟಯರಿಗೆ ಕಬ್ಬಿಣದ ಸರಪಳಿ ಸುತ್ತಿ, ಹಿಡಿತವನ್ನೇ ಹೆಚ್ಚಿಸುವುದು ಇದಕ್ಕಾಗಿ.

ಇನ್ನು ಮಾನ್ವಿಯ ಎರೆಭೂಮಿಗೆ ಬರೋಣ. ನೀರುಂಡು ಉಬ್ಬುವ ಅತಿ ಸೂಕ್ಷ್ಮ ಜೇಡಿಕಣಗಳು ಈ ಮಣ್ಣಿನಲ್ಲಿ ತುಂಬಿವೆ. ಬೇಸಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರುಕು ಬಿಡುವ ಹೊಲವೇ ನೀರು ನಿಂತಾಗ ಬೆಣ್ಣೆಯಂತಾಗುತ್ತದೆ. ಕಣಗಳ ನಡುವಿನ ಸಂದುಗಳೆಲ್ಲ ನೀರಿನಿಂದ ತುಂಬಿರುವಾಗ ಮೇಲೆ ಭಾರ ಹೇರಿದರೆ ಅದನ್ನು ಹೊರುವುದು ನೀರು, ಕಣಗಳಲ್ಲ. ನೀರು ಅಷ್ಟು ಬೇಗ ಸರಿದು ಹೋಗಲಾರದು. ಹೀಗಾಗಿ ಘರ್ಷಣೆ ಬೆಳೆಯುವುದಿಲ್ಲ. ಟ್ರ್ಯಾಕ್ಟರು ಹೂತುಹೋಗುತ್ತದೆ, ಅಷ್ಟೆ. ಮೇಲಾಗಿ ಟಯರಿನ ರಬ್ಬರು ಏಣುಗಳ ನಡುವೆ ಜಿಗುಟು ಮಣ್ಣು ಮೆತ್ತಿಕೊಂಡು ಚಕ್ರ ನುಣ್ಣಗಿನ ಉರುಳೆಯಾಗುತ್ತದೆ. ಉಸುಕಿನಲ್ಲಿ ಮದ್ದಾದ ಭಾರ ಇಲ್ಲಿ ರೋಗವೇ ಸರಿ. ಇಲ್ಲಿ ಬೇಕಾದುದು ವಿಸ್ತೀರ್ಣ. ರೈತರು ‘ಕೇಜ್ ವೀಲ್’ ಎನ್ನುವ ಕಬ್ಬಿಣದ ಪಂಜರಚಕ್ರ ಮಾಡುವುದು ಇದನ್ನೇ: ಅದರ ಅಡ್ಡಪಟ್ಟಿಗಳು ದೋಣಿಯ ಹುಟ್ಟುಗಳಂತೆ ಅಗಲವಾದ ಮಣ್ಣನ್ನು ಹಿಂದಕ್ಕೆ ತಳ್ಳುತ್ತವೆ, ಸಂದುಗಳಿಂದ ಕೆಸರು ಜಾರಿಹೋಗುತ್ತದೆ. ಕೆಸರಿನ ತಳದಲ್ಲಿ ಗಟ್ಟಿ ಪದರವಿದ್ದರೆ ಆಸರೆಯೂ ಸಿಕ್ಕುತ್ತದೆ. ಇದೇ ಚಕ್ರದಲ್ಲಿ ಡಾಂಬರು ರಸ್ತೆಗೆ ಇಳಿಯುವುದು ಕಾನೂನಿಗೆ ವಿರುದ್ಧ. ರಸ್ತೆಯ ಮೈ ಕಿತ್ತುಹೋಗುವುದನ್ನು ಕಂಡವರು ಆ ಕಾನೂನನ್ನು ದೂರಲಾರರು.

ಜಾರಿಕೆಯನ್ನು ನೀವೇ ಅಳೆಯಬಹುದು. ಹಿಂದಿನ ಟಯರಿನ ಮೇಲೆ ಸುಣ್ಣದ ಗುರುತು ಹಾಕಿ. ಹೊಲದಲ್ಲಿ ನೇಗಿಲನ್ನು ಮೇಲೆತ್ತಿಕೊಂಡು ಚಕ್ರ 10 ಸುತ್ತು ತಿರುಗುವಷ್ಟರಲ್ಲಿ ಟ್ರ್ಯಾಕ್ಟರು 40 ಮೀಟರು ನಡೆಯಿತೆನ್ನಿ. ನೇಗಿಲನ್ನು ಮಣ್ಣಿಗಿಳಿಸಿ ಅಷ್ಟೇ ಸುತ್ತಿಗೆ 34 ಮೀಟರು ನಡೆದರೆ, ನಷ್ಟವಾದ 6 ಮೀಟರು 40ರಲ್ಲಿ ನೂರಕ್ಕೆ 15 ಪಾಲು. ಒಣ ಹೊಲದಲ್ಲಿ ಇಷ್ಟು ಜಾರಿಕೆ ಸಹ್ಯ. ಇದಕ್ಕಿಂತ ಬಹಳ ಹೆಚ್ಚಾದರೆ ಡೀಸೆಲ್ಲೂ ಟಯರೂ ವ್ಯರ್ಥವಾಗಿ ಸವೆಯುತ್ತವೆ. ಜಾರಿಕೆಯೇ ಇಲ್ಲವೆಂದರೆ ಅತಿಭಾರ ಹೇರಿ ನೆಲವನ್ನು ಗಟ್ಟಿ ಮಾಡುತ್ತಿದ್ದೀರೆಂದು ಅರ್ಥ.

ಹೂತ ಟ್ರ್ಯಾಕ್ಟರನ್ನು ಹೊರತೆಗೆಯಲು ಕೆಲವರು ಹಿಂದಿನ ಚಕ್ರಗಳಿಗೆ ಮರದ ದಿಮ್ಮಿ ಕಟ್ಟಿ ಮುಂದಕ್ಕೆ ಓಡಿಸುವುದುಂಟು. ಇದು ಪ್ರಾಣಾಪಾಯದ ಕೆಲಸ. ದಿಮ್ಮಿ ಸಿಕ್ಕಿ ಚಕ್ರ ತಿರುಗದೆ ನಿಂತರೆ ಎಂಜಿನಿನ ತಿರುಚುಬಲವು ಅಚ್ಚಿನ ಸುತ್ತ ಟ್ರ್ಯಾಕ್ಟರಿನ ಒಡಲನ್ನೇ ಮೇಲೆತ್ತುತ್ತದೆ. ಮೂತಿ ಎದ್ದು, ಹಿಂದಕ್ಕೆ ಮಗುಚಿ, ಚಾಲಕನ ಮೇಲೆ ಬೀಳಲು ಎರಡು ಸೆಕೆಂಡು ಕೂಡ ಬೇಕಿಲ್ಲ. ಕ್ಲಚ್ಚಿಗೆ ಕಾಲು ಹೋಗುವಷ್ಟರಲ್ಲಿ ಆಗಬೇಕಾದುದು ಆಗಿರುತ್ತದೆ. ಚಕ್ರ ಸುಮ್ಮನೆ ತಿರುಗತೊಡಗಿದ ಕೂಡಲೆ ನಿಲ್ಲಿಸಿ, ಚಕ್ರದ ಹಿಂದಿನ ಮಣ್ಣನ್ನು ತೋಡಿ, ಬಂದ ಜಾಡಿನಲ್ಲಿಯೇ ನಿಧಾನವಾಗಿ ಹಿಮ್ಮುಖವಾಗಿ ಬರಬೇಕು. ಅದಾಗದಿದ್ದರೆ ಗಟ್ಟಿನೆಲದ ಮೇಲೆ ನಿಂತ ಮತ್ತೊಂದು ಟ್ರ್ಯಾಕ್ಟರಿನಿಂದ ಎಳೆಸಬೇಕು. ಎಳೆಯುವ ಟ್ರ್ಯಾಕ್ಟರಿನಲ್ಲಿ ಸರಪಳಿಯನ್ನು ಅಚ್ಚಿಗಿಂತ ಕೆಳಗಿರುವ ಕೊಂಡಿಗೇ ಕಟ್ಟಬೇಕು.