ಮಕ್ಕಳ ಬಚ್ಚಲಮನೆಗೆ ಟೈಲುಗಳ ಆಯ್ಕೆ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿದ್ದಾರೆ. ಮಕ್ಕಳ ಬಚ್ಚಲಮನೆಯನ್ನು ದುರಸ್ತಿ ಮಾಡಿಸುವವರು ಮೊದಲು ನೋಡತಕ್ಕದ್ದು ಬಣ್ಣವನ್ನಲ್ಲ, ನೆಲವನ್ನು. ಸಾಬೂನಿನ ನೀರು ಬಿದ್ದ ನುಣುಪು ನೆಲದ ಮೇಲೆ ಮಗುವು ಜಾರಿ ತಲೆಗೆ ಪೆಟ್ಟು ಮಾಡಿಕೊಳ್ಳುವುದು ಕ್ಷಣಮಾತ್ರದ ಕೆಲಸ. ಆದಕಾರಣ ನೆಲಕ್ಕೆ ಹೊಳಪಿಲ್ಲದ, ತುಸು ಒರಟಾದ, 2ರಿಂದ 4 ಅಂಗುಲದ ಚಿಕ್ಕ ಟೈಲುಗಳನ್ನು ಆರಿಸಬೇಕು. ಅವುಗಳ ನಡುವಣ ಸಂದುಗಳು ಪಾದಕ್ಕೆ ಹಿಡಿತ ಕೊಡುತ್ತವೆ. ನೀರು ನಿಲ್ಲದಂತೆ 50 ಅಂಗುಲಕ್ಕೆ 1 ಅಂಗುಲದಷ್ಟು ಇಳಿಜಾರಿರಲಿ.

ಹೊಳಪಿನ ಟೈಲು ಗೋಡೆಗೆ ಯೋಗ್ಯ, ಒರೆಸುವುದು ಸುಲಭ. ತಿಳಿಬಣ್ಣದಲ್ಲಿ ಕೊಳೆಯು ಅಡಗಲಾರದು, ಬೆಳಕೂ ಹೆಚ್ಚುವುದು. ಗೊಂಬೆಚಿತ್ರಗಳ ಮೇಲಣ ಆಸೆಯು ಕೆಲವೇ ವರ್ಷಗಳಲ್ಲಿ ತೀರುವುದು, ಟೈಲಾದರೋ ಉಳಿಯುವುದು. ಮಗುವಿನ ಇಷ್ಟದ ಬಣ್ಣವನ್ನು ಬಕೆಟ್ಟಿಗೂ ಬಾಗಿಲಿಗೂ ಕೊಡಿರಿ. ಕೊಳ್ಳುವ ಮುನ್ನ ಟೈಲಿನ ಮೇಲೆ ನೀರು ಸುರಿದು ಬರಿಗಾಲಿನಿಂದ ಮೆಟ್ಟಿ ನೋಡಬೇಕೆಂಬುದು ನಮ್ಮ ಸಲಹೆ.